ಓದುಗರ ಪ್ರಶ್ನೆ: ಸದನದಲ್ಲಿ ಸಚಿವರು ಕೊಟ್ಟ ಉತ್ತರವನ್ನು ಓದುವುದು ಹೇಗೆ?

ಪ್ರಶ್ನೆ: ಶಾಲೆಗೆ ಹೋಗುವ ಮಕ್ಕಳಿಗೆ ಬೆಳಿಗ್ಗೆ ಬಸ್ಸಿಲ್ಲ, ಶಾಲೆಯಲ್ಲಿ ಮೇಷ್ಟ್ರಿಲ್ಲ. ಲೋಕಸಭೆಯಲ್ಲಿ ಕೇಳಿ ಎಂದು ಸಂಸದರಿಗೆ ಮನವಿ ಕೊಟ್ಟೆವು. ಅದು ರಾಜ್ಯಕ್ಕೆ ಸೇರಿದ್ದು ಎಂದುಬಿಟ್ಟರು. ಇದು ಜಾರಿಕೊಳ್ಳುವ ಮಾತೇ?

ಉತ್ತರ: ಅಲ್ಲ, ಈ ವಿಷಯದಲ್ಲಿ ಅವರು ಹೇಳಿದ್ದು ಸರಿ. ಭಾರತ ಸರ್ಕಾರದ ಹೊಣೆಗೆ ಮುಖ್ಯವಾಗಿ ಸೇರದ ವಿಷಯವನ್ನು ಲೋಕಸಭೆಯ ನಿಯಮಗಳ ಪ್ರಕಾರ ಪ್ರಶ್ನೆಯಾಗಿ ಅಂಗೀಕರಿಸುವುದಿಲ್ಲ. ರೈಲು, ರೈಲ್ವೆ ಮೇಲ್ಸೇತುವೆ, ರಾಷ್ಟ್ರೀಯ ಹೆದ್ದಾರಿಗಳ ಬಗ್ಗೆ ಸಂಸದರು ಕೇಳಬಹುದು. ಸರ್ಕಾರಿ ಬಸ್ಸು, ರಾಜ್ಯ ಹೆದ್ದಾರಿಗಳ ಬಗ್ಗೆ ಕೇಳಬೇಕಾದವರು ಶಾಸಕರು ಅಥವಾ ವಿಧಾನ ಪರಿಷತ್ ಸದಸ್ಯರು. ಶಿಕ್ಷಣ 1976ರ 42ನೇ ಸಂವಿಧಾನ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ, ಹಾಗಾಗಿ ಇಲ್ಲಿ ಕೆಲಸ ಹಂಚಿಹೋಗಿದೆ. ಕೇಂದ್ರೀಯ ವಿದ್ಯಾಲಯ, ಸಮಗ್ರ ಶಿಕ್ಷಣ ಯೋಜನೆಯ ಕೇಂದ್ರ ಪಾಲಿನ ಹಣ ದೆಹಲಿಯಲ್ಲಿ ಕೇಳುವಂಥದ್ದು. ಸರ್ಕಾರಿ ಶಾಲೆಗಳ ಶಿಕ್ಷಕರ ನೇಮಕಾತಿ, ವರ್ಗಾವಣೆ ವಿಧಾನಸೌಧದಲ್ಲಿ ಕೇಳುವಂಥದ್ದು. ನಿಮ್ಮ ಎರಡೂ ತೊಂದರೆಗಳು ಶಾಸಕರ ಬಾಗಿಲಿಗೇ ಹೋಗಬೇಕು.

ಪ್ರಶ್ನೆ: ಚುಕ್ಕೆ ಗುರುತಿನ ಪ್ರಶ್ನೆ ಹಾಕಿಸಿದರೆ ತೂಕ ಹೆಚ್ಚೇ?

ಉತ್ತರ: ಸಚಿವರ ಬಾಯಿಂದಲೇ ಉತ್ತರ ಬರಬೇಕು, ಮೇಲೆ ಉಪಪ್ರಶ್ನೆ ಕೇಳಬೇಕು ಎಂದಿದ್ದರೆ ಚುಕ್ಕೆ ಗುರುತು ಬೇಕು. ಲಿಖಿತವಾಗಿ ಅಂಕಿ ಅಂಶ ಸಿಕ್ಕರೆ ಸಾಕು ಎಂದಿದ್ದರೆ ಬೇಡ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಗುರುತಿಲ್ಲದವು 230. ರಾಜ್ಯಸಭೆಯಲ್ಲಿ 15 ಮತ್ತು 160. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಪ್ರಶ್ನೋತ್ತರದ ಒಂದು ಗಂಟೆಯಲ್ಲಿ ಇಪ್ಪತ್ತೂ ಮುಗಿಯುವುದು ಅಪರೂಪ. ಉಳಿದವಕ್ಕೆ ಲಿಖಿತ ಉತ್ತರ ಸಿಗುತ್ತದೆ, ಉಪಪ್ರಶ್ನೆಯ ಅವಕಾಶ ಮಾತ್ರ ಕೈತಪ್ಪುತ್ತದೆ. ಗದ್ದಲದಲ್ಲಿ ಕಲಾಪ ಮುಂದಕ್ಕೆ ಹೋದ ದಿನವೂ ಆಗುವ ನಷ್ಟ ಇದೇ, ಅದು ಸಣ್ಣ ನಷ್ಟವಲ್ಲ.

ಪ್ರಶ್ನೆ: ನಮ್ಮ ಶಾಸಕರು "ನೀವೇ ಪ್ರಶ್ನೆ ಬರೆದುಕೊಡಿ, ಹಾಕುತ್ತೇನೆ" ಎಂದಿದ್ದಾರೆ. ಹೇಗೆ ಬರೆಯಬೇಕು?

ಉತ್ತರ: ಒಳ್ಳೆಯ ಅವಕಾಶ, ಹಾಳುಮಾಡಿಕೊಳ್ಳಬೇಡಿ. ಮೊದಲು ಹಳೆಯ ಉತ್ತರದ ಹಾಳೆಯೊಂದನ್ನು ಎದುರಿಗಿಟ್ಟುಕೊಳ್ಳಿ. ಮೇಲೆ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು ಎಂದಿರುತ್ತದೆ. ಕೆಳಗೆ ಎಡಗಡೆ ಪ್ರಶ್ನೆ ಅ, ಆ, ಇ, ಈ ಎಂದು ತುಂಡಾಗಿರುತ್ತದೆ, ಬಲಗಡೆ ಉತ್ತರ.

ಈಗ ಹಲವರು ಬರೆಯುವ ರೀತಿ ನೋಡಿ. ಅ: ತಾಲ್ಲೂಕಿನಲ್ಲಿ ಬಸ್ಸುಗಳ ತೀವ್ರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ: ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಅ ಭಾಗಕ್ಕೆ "ಇಲ್ಲ" ಎಂಬ ಒಂದೇ ಪದ ಬಂದರೆ, ಆ ಭಾಗದ ಎದುರು "ಉದ್ಭವಿಸುವುದಿಲ್ಲ" ಎಂದು ಬರೆದು ಕಡತ ಮುಚ್ಚುತ್ತಾರೆ. "ತೀವ್ರ", "ಕೊರತೆ" ಎಂಬುವು ಅಭಿಪ್ರಾಯಗಳು. ಅವನ್ನು ನಿರಾಕರಿಸುವುದು ಸುಲಭ, ಎಣಿಕೆಯನ್ನು ನಿರಾಕರಿಸುವುದು ಕಷ್ಟ.

ಆದ್ದರಿಂದ ಪ್ರತಿ ಭಾಗವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಇಂಥ ಬಸ್ ಘಟಕದಿಂದ (ಡಿಪೋ) ಬೆಳಿಗ್ಗೆ 7ರಿಂದ 10ರವರೆಗೆ ಇಂಥ ಮಾರ್ಗದಲ್ಲಿ ನಿಗದಿಯಾಗಿರುವ ಟ್ರಿಪ್‌ಗಳೆಷ್ಟು? ಕಳೆದ ಆರು ತಿಂಗಳಲ್ಲಿ ತಿಂಗಳುವಾರು ರದ್ದಾದವೆಷ್ಟು? ಚಾಲಕರಿಲ್ಲದೆ ಎಷ್ಟು, ವಾಹನ ಕೆಟ್ಟು ಎಷ್ಟು? ಘಟಕಕ್ಕೆ ಮಂಜೂರಾದ ಚಾಲಕರ ಹುದ್ದೆಗಳಲ್ಲಿ ಭರ್ತಿಯಾದವೆಷ್ಟು, ಖಾಲಿ ಎಷ್ಟು? ಅವಧಿ ಹೇಳದಿದ್ದರೆ ಅವರಿಗೆ ಅನುಕೂಲವಾದ ವರ್ಷದ ಲೆಕ್ಕ ಬರುತ್ತದೆ. ಮಾರ್ಗದ ಹೆಸರಿಲ್ಲದಿದ್ದರೆ ಇಡೀ ವಿಭಾಗದ ಲೆಕ್ಕ ಬರುತ್ತದೆ, ನಿಮ್ಮ ಊರು ಅದರಲ್ಲಿ ಕರಗಿಹೋಗುತ್ತದೆ.

ಶಾಲೆಯ ಪ್ರಶ್ನೆಯಲ್ಲಿ ಸರಾಸರಿಯ ಬಲೆ ಇನ್ನೂ ದೊಡ್ಡದು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೇ ತರಗತಿಯ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು ಬೇಕು. ಈ ಲೆಕ್ಕ ಪ್ರತಿ ಶಾಲೆಗೂ ಅನ್ವಯ. ಆದರೆ "ತಾಲ್ಲೂಕಿನಲ್ಲಿ ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕ" ಎಂದು ಕೇಳಿದರೆ, ಹನ್ನೆರಡು ಮಕ್ಕಳ ಶಾಲೆಯನ್ನೂ ಇನ್ನೂರು ಮಕ್ಕಳ ಶಾಲೆಯನ್ನೂ ಕೂಡಿಸಿ ಭಾಗಿಸಿದ ಚೆಂದದ ಅಂಕಿ ಕೈಗೆ ಬರುತ್ತದೆ. ಐದು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಒಬ್ಬರೇ ಪಾಠ ಮಾಡುವ ಶಾಲೆ ಅದರೊಳಗೆ ಎಲ್ಲಿ ಕಾಣಬೇಕು? ಏಕೋಪಾಧ್ಯಾಯ ಶಾಲೆಗಳ ಹೆಸರಿನ ಪಟ್ಟಿಯನ್ನೇ ಕೇಳಿ. ಕಾಯಂ ಶಿಕ್ಷಕರು, ಅತಿಥಿ ಶಿಕ್ಷಕರು, ನಿಯೋಜನೆಯ ಮೇಲೆ ಬೇರೆಡೆ ಹೋದವರು ಎಂದು ಮೂರು ಕಲಂ ಬೇಕೆಂದು ಪ್ರಶ್ನೆಯಲ್ಲೇ ಬರೆಯಿರಿ. ಮೂರನೆಯದನ್ನು ಮರೆತರೆ ಶಾಲೆಗೆ ಬಾರದ ಶಿಕ್ಷಕರೂ ಅಲ್ಲೇ ಇದ್ದಾರೆಂದು ಲೆಕ್ಕ ತೋರಿಸುತ್ತದೆ.

ವ್ಯಂಗ್ಯ, ಆರೋಪ, ವಾದ ಬೇಡ. ನ್ಯಾಯಾಲಯದಲ್ಲಿರುವ ವಿಷಯ ಬೇಡ. ಲೋಕಸಭೆಗಾದರೆ ಒಂದು ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು, ಕನಿಷ್ಠ 15 ಪೂರ್ಣ ದಿನ ಮೊದಲೇ ಸೂಚನೆ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಓಡಾಡುವವರು ಎಡವುವುದು ಇಲ್ಲೇ.

ಪ್ರಶ್ನೆ: "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ಮುಂದೇನು?

ಉತ್ತರ: ಸಂಸತ್ತಿನಲ್ಲಿ ಆ ಮಾತಿಗೆ ಬೆಲೆಯಿದೆ. "ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಿ ಸದನದ ಮೇಜಿನ ಮೇಲಿಡಲಾಗುವುದು" ಎಂಬಂಥ ಮಾತುಗಳನ್ನು ಭರವಸೆಯೆಂದು ದಾಖಲಿಸಿಕೊಳ್ಳುತ್ತಾರೆ, ಮೂರು ತಿಂಗಳೊಳಗೆ ಈಡೇರಿಸಬೇಕು. ಬೆನ್ನು ಹತ್ತಲು ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿಯಿದೆ. ಕರ್ನಾಟಕದ ಶಾಸನಸಭೆಯಲ್ಲೂ ಇಂಥ ಸಮಿತಿ ಇದೆ. ಪ್ರಶ್ನೆ ಸಂಖ್ಯೆ, ದಿನಾಂಕ, ಉತ್ತರದ ಆ ಒಂದು ಸಾಲು, ಈ ಮೂರನ್ನು ಬರೆದು ಸದಸ್ಯರ ಮೂಲಕ ಸಮಿತಿಗೆ ಕೇಳಿಸಿ. ಜೊತೆಗೆ ಮಾಹಿತಿ ಹಕ್ಕಿನಡಿ ಆ ಕಡತದ ಟಿಪ್ಪಣಿ ಪುಟಗಳ ಪ್ರತಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕುಳಿತಿತ್ತು ಎಂಬುದು ಟಿಪ್ಪಣಿಗಳ ಕೆಳಗಿನ ಸಹಿ, ತಾರೀಖುಗಳಲ್ಲಿ ಗೊತ್ತಾಗುತ್ತದೆ.

"ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು" ಎಂದಿದ್ದರೆ ಎಚ್ಚರ. ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಅಂದಾಜು ಪಟ್ಟಿ ಎಷ್ಟರದು, ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಕೋರಲಾಗಿದೆ ಎಂದು ಮುಂದಿನ ಅಧಿವೇಶನದಲ್ಲಿ ಹೊಸ ಪ್ರಶ್ನೆಯೇ ಹಾಕಿಸಬೇಕು.

ಪ್ರಶ್ನೆ: ಉತ್ತರವೇ ತಪ್ಪಾಗಿದ್ದರೆ?

ಉತ್ತರ: ಮೊದಲು ಎಲ್ಲ ಭಾಗಕ್ಕೂ ಉತ್ತರ ಬಂದಿದೆಯೇ ನೋಡಿ. ನಾಲ್ಕು ಭಾಗಗಳಿಗೂ ಸೇರಿಸಿ ಒಂದೇ ಉತ್ತರ ಕೊಟ್ಟಿದ್ದರೆ, ಬಿಟ್ಟುಹೋದ ಭಾಗ ಆ ರಾಶಿಯಲ್ಲಿ ಅಡಗಿರುತ್ತದೆ. ಪೆನ್ಸಿಲ್ ಹಿಡಿದು ಒಂದೊಂದನ್ನೇ ಗುರುತು ಹಾಕುತ್ತ ಬನ್ನಿ. ನಿಜಕ್ಕೂ ಅಂಕಿ ತಪ್ಪಿದ್ದರೆ ಲೋಕಸಭೆಯ ಸದಸ್ಯರು ಸ್ಪೀಕರ್ ನಿರ್ದೇಶನ 115ರಡಿ ದಾಖಲೆ ಸಮೇತ ಅದನ್ನು ಎತ್ತಿ ತೋರಿಸಬಹುದು. ಸಚಿವರು ತಾವಾಗಿಯೇ ತಿದ್ದುಪಡಿ ಹೇಳಿಕೆ ಕೊಡಲೂ ದಾರಿಯಿದೆ. ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ, ಮಾತು ಬರುವುದು ಬೇಕೆಂದೇ ದಾರಿ ತಪ್ಪಿಸಿದ್ದರೆ ಮಾತ್ರ.

ಜೀವ ವಿಮಾ ನಿಗಮ ಹರಿದಾಸ್ ಮುಂದ್ರಾ ಅವರ ಕಂಪನಿಗಳಲ್ಲಿ ಹಣ ಹೂಡಿದ್ದರ ಬಗ್ಗೆ 1957ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಎದ್ದಾಗ ಮೊದಲ ಉತ್ತರಗಳಿಂದ ಸಂಸದ ಫಿರೋಜ್ ಗಾಂಧಿ ಸಮಾಧಾನಗೊಳ್ಳಲಿಲ್ಲ, ಬಿಡದೆ ಹಿಂದೆ ಬಿದ್ದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆ ನಡೆದು, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ನಿಮ್ಮ ಪ್ರಶ್ನೆ ನಾಲ್ಕು ಟ್ರಿಪ್ ಬಸ್ಸಿನದೇ ಇರಬಹುದು, ಕೆಲಸದ ರೀತಿ ಅದೇ: ಘಟಕದ ನೋಟಿಸ್ ಬೋರ್ಡಿನಲ್ಲಿರುವ ವೇಳಾಪಟ್ಟಿಯ ಚಿತ್ರ, ಬಸ್ಸು ಬಾರದ ದಿನಗಳ ತಾರೀಖು, ಶಾಲೆಯ ಹಾಜರಿ ಪುಸ್ತಕದಲ್ಲಿ ಆ ದಿನ ತಡವಾಗಿ ಬಂದ ಮಕ್ಕಳ ಸಂಖ್ಯೆ. ಇವನ್ನು ಉತ್ತರದ ಪ್ರತಿಯೊಂದಿಗೆ ಹೊಲಿದು ಶಾಸಕರ ಕೈಗೆ ಕೊಡಿ.