ಸಂಪಾದಕರ ಉತ್ತರ: ಸತ್ತವನ ಹೆಸರಿರುವ ವಸ್ತುವಿಗೆ ಬೆಲೆ ಕಟ್ಟುವ ಮುನ್ನ

ಸಾಗರದ ಓದುಗ ಮಿತ್ರರಿಗೆ,

ಎರಡನೆಯ ಮಹಾಯುದ್ಧದ ಕಾಲದ ಕೆಲವು ವಸ್ತುಗಳನ್ನು ಮಾರಲು ತಾವು ಕಳುಹಿಸಿದ್ದ ಜಾಹೀರಾತಿನಲ್ಲಿ ಜಪಾನಿ ನೋಟುಗಳನ್ನು ಬಿಟ್ಟು ಬೇರೆ ಯಾವುದನ್ನೂ ಪ್ರಕಟಿಸಲು ನಾವು ಒಪ್ಪದಿದ್ದುದು ತಮಗೆ ಬೇಸರ ತಂದಿದೆ. ಬರ್ಮಾ ರಂಗದಿಂದ ಮರಳಿದ ತಮ್ಮ ಅಜ್ಜನ ಟ್ರಂಕಿನಲ್ಲಿ ಸಿಕ್ಕ ಒಂದು ಜಪಾನಿ ಧ್ವಜ, ಒಂದು ಖಡ್ಗ, ಆಮೇಲೆ ತಾವೇ ಅಲ್ಲಲ್ಲಿ ಕೊಂಡು ಕೂಡಿಸಿದ ಸ್ವಸ್ತಿಕ ಚಿಹ್ನೆಯ ಜರ್ಮನ್ ಪದಕಗಳು, ಇವನ್ನು ಮಾರುವುದರಲ್ಲಿ ತಪ್ಪೇನು ಎಂದು ಕೇಳಿದ್ದೀರಿ. ಸಂಗ್ರಾಹಕರು ಕೊಳ್ಳದೆ ಹೋದರೆ ಇವೆಲ್ಲ ಗುಜರಿಯ ಪಾಲಾಗುತ್ತವೆ, ವಸ್ತುವಿಗೆ ಪಾಪ ಅಂಟುವುದಿಲ್ಲ, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ ವೀರಗಲ್ಲುಗಳನ್ನೂ ಟಿಪ್ಪು ಕಾಲದ ರಾಕೆಟ್‌ಗಳನ್ನೂ ಇಟ್ಟಿರುವಾಗ ನನ್ನ ಮನೆಯ ಧ್ವಜಕ್ಕೆ ಮಾತ್ರ ಮೈಲಿಗೆ ಏಕೆ, ಕಾನೂನೇ ಅಡ್ಡಿ ಮಾಡದಿರುವಾಗ ಪತ್ರಿಕೆ ಅಡ್ಡಿ ಮಾಡುವುದೇಕೆ ಎಂಬುದು ತಮ್ಮ ವಾದ. ಇಷ್ಟು ನೇರವಾಗಿ ಕೇಳಿದವರಿಗೆ ನಾಲ್ಕು ಸಾಲಿನ ಉತ್ತರ ಕೊಟ್ಟು ಸುಮ್ಮನಾಗುವುದು ಸರಿಯಲ್ಲವೆಂದು ದೀರ್ಘವಾಗಿ ಬರೆಯುತ್ತಿದ್ದೇವೆ.

ಸಂಗ್ರಾಹಕರು ಇತಿಹಾಸವನ್ನು ಉಳಿಸುತ್ತಾರೆ ಎಂಬ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಉಳಿಯಬೇಕಾದದ್ದು ವಸ್ತುವೊಂದೇ ಅಲ್ಲ. ತಾವು ಹೆಸರಿಸಿದ ರಾಕೆಟ್‌ಗಳನ್ನೇ ನೋಡೋಣ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಬಳಿ ಬತ್ತಿದ ಬಾವಿಯೊಂದರಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ, ಕಬ್ಬಿಣದ ಕವಚದ ರಾಕೆಟ್‌ಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಅಲ್ಲಿಯ ಮಣ್ಣಿಗೆ ಸಿಡಿಮದ್ದಿನ ವಾಸನೆ ಇತ್ತು. ಎಲ್ಲವೂ ಒಂದೇ ಕಡೆ, ಒಂದೇ ಮಣ್ಣಿನಲ್ಲಿ, ಕಂಡವರ ದಾಖಲೆಯೊಂದಿಗೆ ಮೇಲೆ ಬಂದದ್ದರಿಂದಲೇ ಆ ಊರಿನಲ್ಲಿ ಎಷ್ಟು ದೊಡ್ಡ ಮದ್ದಿನ ದಾಸ್ತಾನು ಇತ್ತೆಂದು ನಾವು ಇಂದು ಊಹಿಸಬಹುದಾಗಿದೆ. ಅವೇ ರಾಕೆಟ್‌ಗಳು ಒಂದೊಂದಾಗಿ ಸಾವಿರ ಶೋಕೇಸುಗಳಿಗೆ ಹಂಚಿಹೋಗಿದ್ದರೆ ಕಬ್ಬಿಣವೇನೋ ಉಳಿಯುತ್ತಿತ್ತು, ಅದು ಹೇಳಬೇಕಾದ ಮಾತು ಉಳಿಯುತ್ತಿರಲಿಲ್ಲ. ತಮ್ಮ ಪದಕಗಳ ವಿಷಯದಲ್ಲಿ ಆಗಿರುವುದು ಇದೇ. ಯಾರಿಂದ ಕೊಂಡಿರಿ, ಅವರಿಗೆ ಎಲ್ಲಿಂದ ಬಂತು, ಯಾರ ಎದೆಯ ಮೇಲಿತ್ತು ಎಂಬುದರ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ. ನಾಜಿ ಪದಕಗಳ ಪೇಟೆಯಲ್ಲಿ ನಕಲಿ ಮಾಲು ತುಂಬಿ ತುಳುಕುತ್ತಿರುವುದು ಸಂಗ್ರಾಹಕರಾದ ತಮಗೆ ನಮಗಿಂತ ಚೆನ್ನಾಗಿ ಗೊತ್ತಿರಬೇಕು.

ಇನ್ನು ಧ್ವಜದ ವಿಷಯ. ನಮ್ಮ ನಿರಾಕರಣೆಗೆ ಮುಖ್ಯ ಕಾರಣವೇ ಅದು. ತಾವು ಕಳುಹಿಸಿದ ಫೋಟೊವನ್ನು ಕಚೇರಿಯಲ್ಲಿ ಭೂತಗನ್ನಡಿ ಹಿಡಿದು ನೋಡಿದೆವು. ತೆಳುವಾದ ರೇಷ್ಮೆ ಬಟ್ಟೆ, ನಡುವೆ ಕೆಂಪು ಸೂರ್ಯ, ಅದರ ಸುತ್ತ ಕಿರಣಗಳ ಹಾಗೆ ಹರಡಿಕೊಂಡ ಕುಂಚದ ಬರಹ. ಒಂದು ಸಾಲಿನ ಕೈಬರಹ ಇನ್ನೊಂದರಂತಿಲ್ಲ. ಒಂದು ಮೂಲೆಯಲ್ಲಿ ಅಕ್ಷರಗಳು ಆಗತಾನೆ ಬರೆಯಲು ಕಲಿತ ಮಗುವಿನ ಕೈಯಿಂದ ಮೂಡಿದಂತೆ ದೊಡ್ಡದಾಗಿ, ಓರೆಯಾಗಿ ಬಿದ್ದಿವೆ. ಮಡಿಕೆಯ ಗೆರೆಯಲ್ಲಿ ಬಟ್ಟೆ ಸವೆದು ತೂತಾಗಿದೆ. ಕೆಳಗಿನ ಅಂಚಿನಲ್ಲಿ ಕಂದು ಕಲೆಯಿದೆ. ತಮ್ಮ ಜಾಹೀರಾತು ಆ ಕಲೆಯನ್ನು ‘ಅಸಲಿ ರಕ್ತದ ಗುರುತು’ ಎಂದು ಬಣ್ಣಿಸಿ, ಅದಕ್ಕಾಗಿಯೇ ಬೆಲೆ ಹೆಚ್ಚೆಂದು ಹೇಳಿತ್ತು.

ಇಂಥ ಧ್ವಜಗಳನ್ನು ಜಪಾನಿನಲ್ಲಿ ಯೋಸೆಗಾಕಿ ಹಿನೋಮಾರು ಎನ್ನುತ್ತಾರೆ. ಯುದ್ಧಕ್ಕೆ ಹೊರಟ ಹುಡುಗನಿಗೆ ಮನೆಯವರು, ನೆರೆಹೊರೆಯವರು, ಶಾಲೆಯ ಗೆಳೆಯರು ತಮ್ಮ ತಮ್ಮ ಹೆಸರು ಬರೆದು, ಅವನು ಕ್ಷೇಮವಾಗಿರಲೆಂದು ಹಾರೈಸಿ ಕೊಡುತ್ತಿದ್ದ ಬಟ್ಟೆ ಅದು. ಬಹುಮಟ್ಟಿಗೆ ಅದರ ಮೇಲೆ ಅವನ ಹೆಸರೂ ಇರುತ್ತದೆ. ಅವನು ಅದನ್ನು ಮಡಿಸಿ ಮೈಗೆ ತಾಗುವಂತೆ ಇಟ್ಟುಕೊಳ್ಳುತ್ತಿದ್ದ. ಅವನು ಬಿದ್ದ ಮೇಲೆ ಎದುರಾಳಿ ಸೈನಿಕರು ಅದನ್ನು ನೆನಪಿನ ವಸ್ತುವಾಗಿ ತೆಗೆದುಕೊಂಡರು. ತಮ್ಮ ಅಜ್ಜನನ್ನು ನಾವು ದೂರುತ್ತಿಲ್ಲ. ಆ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 25 ಲಕ್ಷ ಜನರ ಸೇನೆಯಾಗಿ ಬೆಳೆದಿದ್ದ ಭಾರತೀಯ ಪಡೆಯಲ್ಲಿ ಅವರೂ ಒಬ್ಬರು. ಕಾಡಿನಲ್ಲಿ ಅವರು ಏನು ಕಂಡರು, ಏನು ಸಹಿಸಿದರು ಎಂದು ಅಳೆಯುವ ಯೋಗ್ಯತೆ ನಮಗಿಲ್ಲ. ಅವರು ಅದನ್ನು ಬದುಕಿರುವವರೆಗೂ ಮಾರಲಿಲ್ಲ, ಯಾರಿಗೂ ತೋರಿಸಲೂ ಇಲ್ಲವೆಂದು ತಾವೇ ಬರೆದಿದ್ದೀರಿ. ಅವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ದಯವಿಟ್ಟು ಯೋಚಿಸಿ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2009ರಲ್ಲಿ ಆರಂಭವಾದ ಓಬಾನ್ ಸೊಸೈಟಿ ಎಂಬ ಸಂಸ್ಥೆ ಇಂತಹ ಧ್ವಜಗಳ ಬರಹವನ್ನು ಓದಿಸಿ, ಊರು ಪತ್ತೆ ಮಾಡಿ, ನೂರಾರು ಧ್ವಜಗಳನ್ನು ಸೈನಿಕರ ಮನೆಗಳಿಗೆ ಮುಟ್ಟಿಸಿದೆ. ಆ ಸಂಸ್ಥೆಯನ್ನು ಕಟ್ಟಿದ ದಂಪತಿಯಲ್ಲಿ ಪತ್ನಿಯ ಅಜ್ಜ ಬರ್ಮಾದಲ್ಲೇ ತೀರಿಕೊಂಡವರು. ಅವರ ಧ್ವಜ ಮನೆಗೆ ಮರಳಿದ್ದು 2007ರಲ್ಲಿ. ಹಲವು ಕುಟುಂಬಗಳಿಗೆ ಅಸ್ಥಿಯೂ ಸಿಗಲಿಲ್ಲ, ಸತ್ತ ಜಾಗವೂ ತಿಳಿಯಲಿಲ್ಲ; ಆ ಬಟ್ಟೆಯೊಂದೇ ಮರಳಿ ಬಂದ ದೇಹ. ಹೀಗಿರುವಾಗ ಅದರ ಮೇಲಿನ ಕಲೆಗೆ ಇಷ್ಟು ರೂಪಾಯಿ ಎಂದು ಅಚ್ಚು ಹಾಕುವುದು ನಮ್ಮಿಂದಾಗದು.

ಮಾರುವವರಿದ್ದಾರೆ, ಕೊಳ್ಳುವವರಿದ್ದಾರೆ, ನಡುವೆ ಜಾಹೀರಾತು ಹಾಕುವ ನಾವಿದ್ದೇವೆ. ವಸ್ತು ಯಾರದಾಗಿತ್ತೋ ಅವರು ಮಾತ್ರ ಈ ವ್ಯಾಪಾರದಲ್ಲಿ ಇಲ್ಲ. ಆ ಇಲ್ಲದವರು ಎದುರಿಗೆ ಕುಳಿತಿದ್ದರೆ ಇದೇ ಮಾತುಗಳಲ್ಲಿ, ಇದೇ ಬೆಲೆಗೆ ಮಾರುತ್ತಿದ್ದೆವೇ ಎಂಬ ಒಂದೇ ಪ್ರಶ್ನೆಯಿಂದ ನಾವು ಇಂತಹ ಜಾಹೀರಾತುಗಳನ್ನು ನೋಡುತ್ತೇವೆ. ಇದು ದೂರದ ದೇಶದವರ ಸಂಗತಿ ಎನ್ನಿಸಿದರೆ ಶಿಕಾರಿಪುರ ತಾಲ್ಲೂಕಿನ ಈಸೂರನ್ನು ನೆನೆಯಿರಿ. 1942ರಲ್ಲಿ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ಎದ್ದುನಿಂತ ಊರು ಅದು. ಆ ಗಲಭೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಜೀವ ಕಳೆದುಕೊಂಡರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಆ ಐವರಲ್ಲಿ ಒಬ್ಬರ ಅಂಗಿಯೋ, ಅಂದು ಸತ್ತ ಅಧಿಕಾರಿಯ ಟೋಪಿಯೋ ನಾಳೆ ಲಂಡನ್ನಿನ ಹರಾಜಿನಲ್ಲಿ ‘ದಂಗೆಕೋರ ಹಳ್ಳಿಯ ಅಪರೂಪದ ಸ್ಮರಣಿಕೆ, ಕಲೆಗಳು ಸ್ಪಷ್ಟ’ ಎಂಬ ಒಕ್ಕಣೆಯೊಂದಿಗೆ ಬಂದರೆ ಶಿವಮೊಗ್ಗ ಜಿಲ್ಲೆ ಸುಮ್ಮನಿರುವುದೇ? ಎರಡೂ ಕಡೆಯ ಮನೆಯವರ ಕರುಳು ಕಿವುಚುವುದಿಲ್ಲವೇ? ಟಿಪ್ಪುವಿನ ಶಯನಾಗಾರದ ಖಡ್ಗ 2023ರಲ್ಲಿ ಲಂಡನ್ನಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾದಾಗ, ಟಿಪ್ಪುವನ್ನು ಮೆಚ್ಚದವರಿಗೂ ಶ್ರೀರಂಗಪಟ್ಟಣದ ಲೂಟಿ ನೆನಪಾಗಿ ಕಸಿವಿಸಿಯಾಯಿತು. ನಮಗಾಗುವ ನೋವು ಜಪಾನಿನ ಹಳ್ಳಿಯವರಿಗೂ ಆಗುತ್ತದೆಂದು ಒಪ್ಪುವುದು ಕಷ್ಟವಾಗಬಾರದು.

ಜರ್ಮನ್ ಪದಕಗಳ ಮಾತು ಬೇರೆ. ಅಲ್ಲಿ ವ್ಯಾಪಾರದಲ್ಲಿ ಇಲ್ಲದವರು ಅದನ್ನು ತೊಟ್ಟವನಲ್ಲ. ಆ ಚಿಹ್ನೆಯಡಿ ಕೊಲೆಯಾದ ಸುಮಾರು 60 ಲಕ್ಷ ಯಹೂದಿಗಳು. 2019ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ಟೋಪಿ ಹರಾಜಿಗೆ ಬಂದಾಗ, ಅದು ನವನಾಜಿಗಳ ಕೈಸೇರದಿರಲೆಂದು ಲೆಬನಾನ್ ಮೂಲದ ಸ್ವಿಸ್ ಉದ್ಯಮಿಯೊಬ್ಬರು ತಾವೇ ಕೊಂಡು ಯಹೂದಿ ಸಂಸ್ಥೆಯೊಂದಕ್ಕೆ ಒಪ್ಪಿಸಿದರು. ಅವರ ಸದುದ್ದೇಶಕ್ಕೆ ತಲೆಬಾಗುತ್ತೇವೆ. ಆದರೂ ಹಣ ಸೇರಿದ್ದು ಮಾರಿದವರ ಜೇಬಿಗೇ. 2025ರ ನವೆಂಬರ್‌ನಲ್ಲಿ ಜರ್ಮನಿಯ ನಾಯ್ಸ್ ನಗರದಲ್ಲಿ ಯಾತನಾಶಿಬಿರಗಳ ಬಂದಿಗಳ ಪತ್ರಗಳು ಹರಾಜಿಗೆ ಬಂದಾಗ ಬದುಕುಳಿದವರ ಸಂಘಟನೆಗಳು ಪ್ರತಿಭಟಿಸಿ ಹರಾಜೇ ರದ್ದಾಯಿತು. ಜರ್ಮನಿಯಲ್ಲಿ ಆ ಚಿಹ್ನೆಯ ಬಹಿರಂಗ ಪ್ರದರ್ಶನ ಅಪರಾಧ. ಅಧ್ಯಯನ, ಕಲೆ, ಶಿಕ್ಷಣದಂಥ ಉದ್ದೇಶಗಳಿಗೆ ಮಾತ್ರ ವಿನಾಯಿತಿ. ಆಸ್ಟ್ರೇಲಿಯಾ 2024ರ ಜನವರಿಯಿಂದ ಅದರ ವ್ಯಾಪಾರವನ್ನೇ ನಿಷೇಧಿಸಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ, ನಿಜ. ನಮ್ಮ ಹೊಸ್ತಿಲ ಮೇಲೆ ಬರೆಯುವ ಮಂಗಳಚಿಹ್ನೆಯಂತೆ ಕಾಣುವುದರಿಂದ ಅದರ ಭೀಕರತೆ ನಮ್ಮ ಹುಡುಗರಿಗೆ ಸುಲಭವಾಗಿ ತಟ್ಟುವುದೂ ಇಲ್ಲ. ಆದ್ದರಿಂದಲೇ ಇಲ್ಲಿ ಎಚ್ಚರ ಹೆಚ್ಚು ಬೇಕು. ‘ಹಿಟ್ಲರನ ಗತ್ತು’ ಎಂದು ಮೆಚ್ಚಿ ಕೊಳ್ಳುವವನಿಗೂ ಇತಿಹಾಸ ಕಲಿಸಲು ಕೊಳ್ಳುವ ಮೇಷ್ಟರಿಗೂ ಒಂದೇ ಬೆಲೆಯಲ್ಲಿ ಮಾರುವ ಜಾಹೀರಾತು, ಯಾರು ಕೊಂಡರೇನು ಎಂದು ಹೇಳಿದಂತೆ.

ವೀರಗಲ್ಲಿನ ಹೋಲಿಕೆ ನಮಗೆ ಒಪ್ಪಿಗೆಯಾಗಲಿಲ್ಲ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಇರುವ ಆ ಕಲ್ಲನ್ನು ನಿಲ್ಲಿಸಿದವರು ಅವನ ಊರಿನವರೇ, ಅವನ ಗೌರವಕ್ಕಾಗಿಯೇ. ಧ್ವಜ ಹೆಣದಿಂದ ತೆಗೆದದ್ದು. ಹಾಗೆಂದು ವೀರಗಲ್ಲೂ ಮಾರಾಟದ ಸರಕಲ್ಲ. ಅದನ್ನು ಗದ್ದೆಬದಿಯಿಂದ ಕಿತ್ತು ಹೋಂಸ್ಟೇ ಅಂಗಳದ ಅಲಂಕಾರ ಮಾಡಿದರೆ ಅದೂ ಇಂಥದೇ ಅಪಚಾರ, ಜೊತೆಗೆ ಕಾನೂನಿಗೂ ವಿರುದ್ಧ. ನೂರು ವರ್ಷ ದಾಟಿದ ಇಂತಹ ವಸ್ತುಗಳ ವ್ಯಾಪಾರಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ಪರವಾನಗಿ ಬೇಕು. ತಮ್ಮ ಅಜ್ಜನ ವಸ್ತುಗಳಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಆದರೆ ಅದೇ ಕಾಯ್ದೆ ಚಾರಿತ್ರಿಕ ಮಹತ್ವದ ಬರಹ, ದಾಖಲೆಗಳಿಗೆ 75 ವರ್ಷ ಸಾಕೆನ್ನುತ್ತದೆ. ಟ್ರಂಕಿನಲ್ಲಿ ಅಜ್ಜ ರಂಗದಿಂದ ಬರೆದ ಕಾಗದಗಳೂ ಇವೆಯೆಂದು ಬರೆದಿರುವುದರಿಂದ ಇದನ್ನು ತಿಳಿಸುತ್ತಿದ್ದೇವೆ. ನಮ್ಮ ದೃಷ್ಟಿಯಲ್ಲಿ ಆ ಟ್ರಂಕಿನ ನಿಜವಾದ ಸಂಪತ್ತು ಆ ಕಾಗದಗಳೇ.

ಜಪಾನಿ ಸರ್ಕಾರ ಬರ್ಮಾಕ್ಕಾಗಿ ಅಚ್ಚು ಹಾಕಿಸಿದ ರೂಪಾಯಿ ನೋಟುಗಳನ್ನು ಒಪ್ಪಿದ್ದೇಕೆಂದರೆ ಅವು ಅಪಾರ ಸಂಖ್ಯೆಯಲ್ಲಿದ್ದವು, ಯಾರೊಬ್ಬರ ಹೆಸರನ್ನೂ ಹೊತ್ತಿಲ್ಲ. ಯುದ್ಧ ಮುಗಿದಾಗ ಅವು ಬರೀ ಕಾಗದವಾಗಿ ಬರ್ಮಾದ ಬಡವರ ಉಳಿತಾಯ ಮಣ್ಣುಪಾಲಾಯಿತೆಂದು ಜಾಹೀರಾತಿನಲ್ಲೇ ಒಂದು ಸಾಲು ಸೇರಿಸಿದರೆ ಸಂತೋಷಪಡುತ್ತೇವೆ. ಖಡ್ಗ ಶಸ್ತ್ರಾಸ್ತ್ರ ಕಾಯ್ದೆಗೆ ಸಂಬಂಧಿಸಿದ್ದು. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವವರೆಗೆ ಅದರ ಮಾರಾಟದ ಮಾತೇ ಬೇಡ. ಪದಕಗಳನ್ನು ಯಾವುದಾದರೂ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ, ಕೊಂಡ ವಿವರ ಬರೆದು, ನಕಲಿಯ ಅನುಮಾನವಿದ್ದರೆ ಅದನ್ನೂ ಬರೆದು ಕೊಡಬಹುದು.

ಧ್ವಜವನ್ನು ಒಗೆಯಬೇಡಿ, ಇಸ್ತ್ರಿ ಹಾಕಬೇಡಿ, ಕಲೆಯನ್ನು ಉಜ್ಜಬೇಡಿ. ಮಳೆಗಾಲ ಶುರುವಾದರೆ ನಮ್ಮ ಕಡೆ ಪೆಟ್ಟಿಗೆಯೊಳಗಿನ ರೇಷ್ಮೆಗೂ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಮಡಿಸದೆ, ಹತ್ತಿ ಬಟ್ಟೆಯ ನಡುವೆ ಹರಡಿ, ಗಾಳಿಯಾಡುವ ಒಣ ಜಾಗದಲ್ಲಿಡಿ. ಅಕ್ಷರಗಳು ಸ್ಪಷ್ಟವಾಗಿ ಕಾಣುವಂತೆ ಹಗಲು ಬೆಳಕಿನಲ್ಲಿ ಭಾಗ ಭಾಗವಾಗಿ ಫೋಟೊ ತೆಗೆದು ನಮಗೆ ಕಳುಹಿಸಿದರೆ, ಓಬಾನ್ ಸೊಸೈಟಿಗೆ ಬರೆಯುವ ಕೆಲಸವನ್ನೂ ಅಂಚೆ ವೆಚ್ಚವನ್ನೂ ಪತ್ರಿಕೆ ವಹಿಸಿಕೊಳ್ಳುತ್ತದೆ. ಅಜ್ಜ ಯಾವ ಪಲ್ಟನ್ನಿನಲ್ಲಿದ್ದರು, ಯಾವ ಜಾಗದ ಹೆಸರು ಹೇಳುತ್ತಿದ್ದರು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಜೊತೆಗೆ ಬರೆದು ಕಳುಹಿಸಿ. ಹುಡುಕುವವರಿಗೆ ಅದರಿಂದ ತುಂಬ ಸಹಾಯವಾಗುತ್ತದೆ.

ಸಂಪಾದಕರು