ನಂಬಿಕೆಯಿಲ್ಲದ ಬದುಕಿಗೆ ಗುರಿ ಎಲ್ಲಿಂದ?

ವಿರಾಜಪೇಟೆಯ ಓದುಗ ಮಿತ್ರರೇ,

ತೀರ್ಥೋದ್ಭವಕ್ಕೆಂದು ಮನೆಯವರೆಲ್ಲ ತಲಕಾವೇರಿಗೆ ಹೊರಟಾಗ ತಾವೊಬ್ಬರೇ ಹಿಂದುಳಿದುದನ್ನೂ, ತಾಯಿಯವರು ಅದಕ್ಕಾಗಿ ನೊಂದುಕೊಂಡುದನ್ನೂ ಬರೆದು, ‘ದೇವರಲ್ಲಿ ನಂಬಿಕೆ ಹೋದ ಮೇಲೆ ಬದುಕಿಗೆ ಗುರಿಯಾಗಲಿ ಸಂತೋಷವಾಗಲಿ ಉಳಿದೀತೆ?’ ಎಂದು ಕೇಳಿದ್ದೀರಿ. ಖಂಡಿತವಾಗಿ ಉಳಿಯುತ್ತದೆ.

ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್ ಅವರ ಬದುಕನ್ನು ನೋಡಿ. ಸಸ್ಯಶಾಸ್ತ್ರದ ಉಪನ್ಯಾಸಕರಾಗಿದ್ದ ಅವರು ನಾಸ್ತಿಕತೆಯ ಕಾರಣಕ್ಕೇ ಕೆಲಸ ಕಳೆದುಕೊಂಡರು. 1940ರಲ್ಲಿ ಪತ್ನಿ ಸರಸ್ವತಿಯವರೊಡನೆ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಆರಂಭಿಸಿ, ಅಸ್ಪೃಶ್ಯತೆಯನ್ನು ತೊಲಗಿಸಲು ಜೀವನವಿಡೀ ದುಡಿದರು. ದೇವರನ್ನು ಅಲ್ಲಗಳೆಯುವುದಷ್ಟೇ ಅವರ ಗುರಿಯಾಗಿದ್ದಿದ್ದರೆ ನಾವಿಂದು ಅವರನ್ನು ಇಷ್ಟು ಗೌರವದಿಂದ ನೆನೆಯುತ್ತಿರಲಿಲ್ಲ.

ಇನ್ನು ಸಂತೋಷದ ಮಾತು. ಹಾರ್ವರ್ಡ್‌ನಲ್ಲಿ 1938ರಿಂದ ನಡೆದುಬಂದಿರುವ ದೀರ್ಘ ಅಧ್ಯಯನವೊಂದು, ಮುಪ್ಪಿನವರೆಗೂ ಜನರನ್ನು ನೆಮ್ಮದಿಯಲ್ಲಿಡುವುದು ಮುಖ್ಯವಾಗಿ ಆಪ್ತ ಸಂಬಂಧಗಳು ಎಂದು ಕಂಡುಕೊಂಡಿದೆ. ತಮ್ಮ ಪತ್ರದಲ್ಲಿರುವ ನೋವು ದೇವರನ್ನು ಕಳೆದುಕೊಂಡದ್ದಕ್ಕಿಂತ ಹೆಚ್ಚಾಗಿ ಮನೆಯವರ ಒಡನಾಟವನ್ನು ಕಳೆದುಕೊಂಡ ನೋವೆಂದು ನನಗೆ ತೋರುತ್ತದೆ. ಆದ್ದರಿಂದ ಸುಗ್ಗಿಯ ಹಬ್ಬವಾದ ಹುತ್ತರಿಗೆ ತಪ್ಪದೆ ಕುಲದ ಮೂಲಮನೆಯಾದ ಐನ್‌ಮನೆಗೆ ಹೋಗಿ, ಕದಿರು ಕೊಯ್ಯುವಾಗ ಎಲ್ಲರೊಡನೆ ಗದ್ದೆಯಲ್ಲಿ ನಿಲ್ಲಿ. ‘ಪೊಲಿ ಪೊಲಿ ದೇವಾ’ ಎಂಬ ಕೂಗಿಗೆ ದನಿಗೂಡಿಸುವುದೂ ಬಿಡುವುದೂ ತಮ್ಮ ಆತ್ಮಸಾಕ್ಷಿಗೆ ಸೇರಿದ್ದು. ಹಿರಿಯರ ಕಾಲಿಗೆರಗಲು ಮತ್ತು ಜೊತೆಗೆ ಕೂತು ಉಣ್ಣಲು ಯಾವ ನಂಬಿಕೆಯೂ ಬೇಕಿಲ್ಲ.

ಗುರಿಯನ್ನು ದೂರದಲ್ಲಿ ಹುಡುಕಬೇಕಾಗಿಯೂ ಇಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ದೇವರ ಭಯ ತಲೆಮಾರುಗಳ ಕಾಲ ಅಲ್ಲಿಯ ಮರಗಳಿಗೆ ಕೊಡಲಿ ತಾಗದಂತೆ ಕಾಯಿತೆಂಬುದು ನಿಜ, ಅದಕ್ಕಾಗಿ ಹಿರಿಯರಿಗೆ ನಾವು ಋಣಿಗಳು. ಆದರೂ ತೋಟಗಳ ಒತ್ತುವರಿಗೆ ಸಿಕ್ಕಿ ಎಷ್ಟೋ ಕಾಡುಗಳು ಕರಗಿಹೋಗಿರುವುದನ್ನು ನೋಡಿದರೆ, ಭಯವೊಂದೇ ಸಾಲದೆಂಬುದೂ ಸ್ಪಷ್ಟವಾಗುತ್ತದೆ. ಮಳೆನೀರನ್ನು ಹಿಡಿದಿಟ್ಟು ತೊರೆಗಳಿಗೆ ಬಿಡುವ ಕಾಡು ಅದು, ಬೇರೆಡೆ ಅಳಿದುಹೋದ ಗಿಡಮರಗಳಿಗೆ ಉಳಿದಿರುವ ನೆಲೆ ಅದು ಎಂದು ಅರಿತವನಿಗೆ, ದೇವರನ್ನು ನಂಬದೆಯೂ ಅದನ್ನು ಕಾಯಲು ಸಾಕಷ್ಟು ಕಾರಣವಿದೆ. ತಮ್ಮೂರಿನ ದೇವರಕಾಡು ಸಮಿತಿಯ ಹಿರಿಯರನ್ನು ಕಂಡು, ಗಡಿ ಗುರುತಿಸಲು, ಸಸಿ ನೆಡಲು, ಒತ್ತುವರಿಯ ಬಗ್ಗೆ ಅರ್ಜಿ ಬರೆಯಲು ತಾವು ಸಿದ್ಧರೆಂದು ತಿಳಿಸಿ. ನಂಬುವವರೂ ನಂಬದವರೂ ಒಟ್ಟಿಗೆ ಮಾಡಬೇಕಾದ ಕೆಲಸ ಅಲ್ಲಿ ಬೇಕಾದಷ್ಟಿದೆ.

ಸಂಪಾದಕ