ಚಳಿಗಾಲಕ್ಕೆ ಮುಂಚೆ ಈಜುಕೊಳವನ್ನು ಪೂರ್ತಿ ಖಾಲಿ ಮಾಡಬೇಕೇ?

ಬೇಡ, ದಯವಿಟ್ಟು ಮಾಡಬೇಡಿ. ನೀರೇ ಇಲ್ಲದಿದ್ದರೆ ಹೆಪ್ಪುಗಟ್ಟುವುದೇನು ಎಂಬ ನಿಮ್ಮ ಯೋಚನೆ ಮೇಲುನೋಟಕ್ಕೆ ಸರಿ ಎನಿಸುತ್ತದೆ. ಈಜುಕೊಳಗಳ ನಿರ್ವಹಣೆಯೇ ನನ್ನ ಕೆಲಸ, ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಆದರೆ ನೆಲದೊಳಗೆ ಕಟ್ಟಿದ ಕೊಳದ ಸುತ್ತಲಿನ ಮಣ್ಣಿನಲ್ಲೂ ನೀರಿರುತ್ತದೆ, ಅದು ಗೋಡೆಯನ್ನು ಹೊರಗಿನಿಂದ ಒತ್ತುತ್ತಲೇ ಇರುತ್ತದೆ. ಒಳಗಿನ ನೀರಿನ ಭಾರ ಆ ಒತ್ತಡಕ್ಕೆ ಎದುರು ನಿಂತಿರುತ್ತದೆ. ಅದನ್ನು ತೆಗೆದುಬಿಟ್ಟರೆ, ಮಳೆಗೋ ಹಿಮ ಕರಗಿಯೋ ಅಂತರ್ಜಲ ಏರಿದಾಗ ಗೋಡೆ ಬಿರುಕು ಬಿಡಬಹುದು, ಇಡೀ ತೊಟ್ಟಿಯೇ ನೆಲದಿಂದ ಮೇಲೇಳಬಹುದು.

ಹಾಗಾದರೆ ಚಳಿ ಒಡೆಯುವುದು ಯಾವುದನ್ನು? ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕೊಳದ ಮೇಲ್ಭಾಗ ತೆರೆದಿರುವುದರಿಂದ ಅಲ್ಲಿ ಹಿಗ್ಗಲು ಜಾಗವಿದೆ. ಜೊತೆಗೆ ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದು ತಳಕ್ಕಿಳಿಯುತ್ತದೆ, ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತಾ ಬರುತ್ತದೆ. ಪಂಪಿನ ಹೊಟ್ಟೆಯಲ್ಲಿ, ಫಿಲ್ಟರಿನ ವಾಲ್ವಿನಲ್ಲಿ, ಹೀಟರಿನ ತಾಮ್ರದ ಕೊಳವೆಗಳಲ್ಲಿ ಸಿಕ್ಕಿಕೊಂಡ ನೀರಿಗೆ ಮಾತ್ರ ಹಿಗ್ಗಲು ದಾರಿಯಿಲ್ಲ. ಹೀಗೆ ಸಿಕ್ಕಿಕೊಂಡ ನೀರು ಸ್ವಲ್ಪವೇ ಆದರೂ ಪಂಪಿನ ಕವಚ ಸೀಳಿಬಿಡಬಹುದು. ಅದು ಗೊತ್ತಾಗುವುದು ಮಂಜು ಕರಗಿ ನೀರು ಸೋರತೊಡಗಿದ ಮೇಲೆ. ಖಾಲಿ ಮಾಡಬೇಕಾದದ್ದು ಇವನ್ನು.

ರಾತ್ರಿಯಿಡೀ ಪಂಪ್ ಓಡಿಸಿದರೆ ಸಾಕೇ ಎಂದೂ ಕೇಳಿದ್ದೀರಿ. ಚಳಿ ಒಂದೆರಡು ರಾತ್ರಿಯದಾದರೆ ಸಾಕು. ಹೊರಗಿನ ಉಷ್ಣಾಂಶ 3–4 ಡಿಗ್ರಿಗೆ ಇಳಿಯುತ್ತಿದ್ದಂತೆ ಶುರು ಮಾಡಿ. ಎಲ್ಲ ವಾಲ್ವುಗಳೂ ಸ್ವಲ್ಪವಾದರೂ ತೆರೆದಿರಲಿ. ಕೃತಕ ಜಲಪಾತಕ್ಕೆ ಹೋಗುವ ಪೈಪನ್ನು ಮುಚ್ಚಿಟ್ಟು ಮರೆತರೆ ಒಡೆಯುವುದು ಅದೇ. ನೀರಿನ ಮಟ್ಟ ಸ್ಕಿಮ್ಮರಿನ (ತೇಲುವ ಕಸವನ್ನು ಒಳಗೆಳೆದುಕೊಳ್ಳುವ, ಕೊಳದ ಗೋಡೆಯಲ್ಲಿರುವ ಕಿಂಡಿ) ಬಾಯಿಯ ಅರ್ಧಕ್ಕಿರಲಿ, ಇಲ್ಲದಿದ್ದರೆ ಪಂಪ್ ಗಾಳಿ ಎಳೆಯುತ್ತದೆ.

ಆದರೆ ಈ ಉಪಾಯ ನಿಂತಿರುವುದು ಕರೆಂಟಿನ ಮೇಲೆ. ಕಡುಚಳಿಯಲ್ಲಿ ಕರೆಂಟ್ ಹೋಗಿ ಬೇಗ ಬರುವ ಸೂಚನೆ ಇಲ್ಲವೆಂದರೆ ಕಾಯುತ್ತಾ ಕೂರಬೇಡಿ. ಮೊದಲು ಬ್ರೇಕರ್ ಆಫ್ ಮಾಡಿ, ಪಂಪ್ ಒಣಗಿರುವಾಗ ಕರೆಂಟ್ ಬಂದರೆ ಅದು ಸುಟ್ಟುಹೋಗುತ್ತದೆ. ಗ್ಯಾಸ್ ಹೀಟರ್ ಇದ್ದರೆ ಗ್ಯಾಸ್ ಮುಚ್ಚಿ. ಕೊಳದ ನೀರು ಹರಿದುಬರದಂತೆ ಆ ಕಡೆಯ ವಾಲ್ವುಗಳನ್ನು ಮುಚ್ಚಿ, ಫಿಲ್ಟರಿನ ಮೇಲಿನ ಗಾಳಿ ವಾಲ್ವ್ ತೆರೆದು, ಪಂಪ್, ಫಿಲ್ಟರ್, ಹೀಟರುಗಳ ಡ್ರೇನ್ ಪ್ಲಗ್‌ಗಳನ್ನೆಲ್ಲ (ನೀರು ಹೊರಬಿಡುವ ತೂತಿನ ಬಿರಡೆಗಳು) ಬಿಚ್ಚಿ. ಬಿಚ್ಚಿದ ಪ್ಲಗ್‌ಗಳನ್ನು ಪಂಪಿನೊಳಗಿನ ಕಸ ಹಿಡಿಯುವ ಬುಟ್ಟಿಯಲ್ಲೇ ಇಡಿ, ಮತ್ತೆ ಹುಡುಕಬೇಕಾಗುವುದಿಲ್ಲ. ಯಾವ ಪ್ಲಗ್ ಎಲ್ಲಿದೆ ಎಂಬುದನ್ನು ಈಗಲೇ, ಹಗಲಿನಲ್ಲಿ, ಒಮ್ಮೆ ನೋಡಿಕೊಳ್ಳಿ. ಕತ್ತಲಲ್ಲಿ ಮರಗಟ್ಟಿದ ಬೆರಳುಗಳಿಂದ ಅದನ್ನು ಮೊದಲ ಸಲ ಕಲಿಯುವುದು ಬಹಳ ಕಷ್ಟ.

ವಾರಗಟ್ಟಲೆ ಸೊನ್ನೆಗಿಂತ ಕೆಳಗಿರುವ ಜಾಗವಾದರೆ ಕೊಳವನ್ನು ಚಳಿಗಾಲಕ್ಕೆಂದೇ ಮುಚ್ಚಬೇಕು. ಪಂಪ್ ಇನ್ನೂ ಓಡುತ್ತಿರುವಾಗಲೇ ಕಸ ತೆಗೆದು, ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ) 7.2ರಿಂದ 7.6ರೊಳಗೆ ತಂದು, ಕ್ಲೋರಿನ್ ಹಾಕಿ. ಸಾಮಾನ್ಯವಾಗಿ ನೀರನ್ನು ಸ್ಕಿಮ್ಮರಿನ ಬಾಯಿಗಿಂತ ಕೆಳಗಿಳಿಸುತ್ತಾರೆ, ಎಷ್ಟು ಎಂಬುದು ನಿಮ್ಮ ಕವರಿನ ಬಗೆಯನ್ನು ಅವಲಂಬಿಸಿದೆ. ಆಮೇಲೆ ಪೈಪುಗಳೊಳಗೆ ಬ್ಲೋವರಿನಿಂದ ಗಾಳಿ ಊದಿ. ಕೊಳದ ಕಡೆಯ ಬಾಯಲ್ಲಿ ಗುಳ್ಳೆಗಳು ಜೋರಾಗಿ ಬಂದ ಮೇಲೆ ಅಲ್ಲಿ ರಬ್ಬರ್ ಪ್ಲಗ್ ಬಿಗಿಯಿರಿ. ತಳದ ಡ್ರೇನಿಗೆ ಪ್ಲಗ್ ಹಾಕಲು ಆಗದು. ಅಲ್ಲಿ ಗುಳ್ಳೆ ಬರುತ್ತಿರುವಾಗಲೇ ಮೇಲಿನ ವಾಲ್ವ್ ಮುಚ್ಚಿ, ಒಳಗೆ ಸಿಕ್ಕ ಗಾಳಿಯೇ ನೀರು ಮೇಲೇರದಂತೆ ತಡೆಯುತ್ತದೆ. ಒಂದು ಮಾತು ಮಾತ್ರ ಖಂಡಿತ ನೆನಪಿಡಿ: ಹೆಚ್ಚು ಒತ್ತಡದ ಕಂಪ್ರೆಸರ್ ಗಾಳಿಯನ್ನು ಫಿಲ್ಟರಿನೊಳಗೆ ಬಿಡಬೇಡಿ. ಮುಚ್ಚಳ ಸಿಡಿದರೆ ಪ್ರಾಣಕ್ಕೇ ಅಪಾಯ.

ಗಾಳಿ ಊದಿದರೂ ನೀರು ಉಳಿದಿರಬಹುದೆಂಬ ಅನುಮಾನವಿದ್ದ ಪೈಪಿಗೆ ಆಂಟಿಫ್ರೀಝ್, ಅಂದರೆ ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ, ಹಾಕಿ. ಕೊಳಗಳಿಗೆಂದು ಸಿಗುವುದು ಪ್ರೊಪಿಲೀನ್ ಗ್ಲೈಕಾಲಿನದು. ಕಾರಿಗೆ ಹಾಕುವುದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ಅದು ವಿಷ, ಹತ್ತಿರವೂ ತರಬೇಡಿ. ಸ್ಕಿಮ್ಮರಿನೊಳಗೆ, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ಸ್ವಲ್ಪ ಜಲ್ಲಿ ತುಂಬಿ ನಿಲ್ಲಿಸಿ. ಮಂಜುಗಡ್ಡೆ ಹಿಗ್ಗಿದಾಗ ಬಾಟಲಿ ಅಪ್ಪಚ್ಚಿಯಾಗುತ್ತದೆ, ಸ್ಕಿಮ್ಮರ್ ಉಳಿಯುತ್ತದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಎಂದು ಬರೆದಿದ್ದೀರಿ. ಹಾಗಾದರೆ ಅಂಚಿಗೆಲ್ಲ ಬಿಗಿದು ಕಟ್ಟುವ, ಮನುಷ್ಯರ ಭಾರ ತಡೆಯುವ ಸುರಕ್ಷತಾ ಕವರನ್ನೇ ಹಾಕಿಸಿ. ಸಡಿಲ ಹಾಳೆಯ ಮೇಲೆ ನಿಂತ ಮಳೆನೀರಿನಲ್ಲೂ ಮಗು ಮುಳುಗಬಹುದು. ಮೇಲೆ ಕಟ್ಟಿದ ಮಂಜುಗಡ್ಡೆ ಎಷ್ಟೇ ಗಟ್ಟಿಯಾಗಿ ಕಂಡರೂ ಅದರ ಮೇಲೆ ಯಾರನ್ನೂ ಕಾಲಿಡಲು ಬಿಡಬೇಡಿ, ಕೊಳದ ಗೇಟಿಗೆ ಚಳಿಗಾಲದಲ್ಲೂ ಬೀಗ ಇರಲಿ.